ಬಂದವರ ಪ್ಲಗ್ಗು

ನಮ್ಮ ಊರಿನಲ್ಲಿ ಮನೆಗೆ ಬಂದವರಿಗೆ ಮೊದಲು ನೀರು ಕೊಡುವುದಿಲ್ಲ, ಪ್ಲಗ್ಗು ತೋರಿಸುತ್ತೇವೆ. ಬಾಗಿಲು ದಾಟಿದ ಕೂಡಲೇ ಎಡಗಡೆಯ ಗೋಡೆಯ ಮೇಲೆ ಅದಕ್ಕೆಂದೇ ಒಂದು ಪ್ಲಗ್ಗು ಇರುತ್ತದೆ. ಹೆಸರೇ ಬಂದವರ ಪ್ಲಗ್ಗು. ಬಂದವರು ಚಪ್ಪಲಿ ಬಿಟ್ಟು, ಜೇಬಿನಿಂದಲೋ ಕೈಚೀಲದಿಂದಲೋ ಮಲ್ಟಿಮೀಟರ್ ತೆಗೆದು, ಕೆಂಪು ಕಡ್ಡಿಯನ್ನು ಒಂದು ತೂತಿಗೆ, ಕಪ್ಪು ಕಡ್ಡಿಯನ್ನು ಇನ್ನೊಂದು ತೂತಿಗೆ ಇಟ್ಟು, ಅಂಕಿ ನೋಡಿ, ಆಮೇಲೆ "ಎಲ್ಲಾ ಚೆನ್ನಾಗಿದೀರಾ?" ಎಂದು ಕೇಳುತ್ತಾರೆ. ಉತ್ತರ ಅವರಿಗೆ ಆಗಲೇ ಸಿಕ್ಕಿರುತ್ತದೆ. ಕೇಳುವುದು ಬರೀ ಮರ್ಯಾದೆಗೆ.

ಕಾರಣ ಇಷ್ಟೇ. ನಮ್ಮಲ್ಲಿ ಒಂದೇ ಸೂರಿನ ಕೆಳಗೆ ಇರುವವರ ನಡುವೆ ಮನಸ್ತಾಪವಾದರೆ ಆ ಮನೆಯ ಕರೆಂಟು ಇಳಿಯುತ್ತದೆ. ಇನ್ನೂರ ಮೂವತ್ತು ವೋಲ್ಟು ಇದ್ದರೆ ಸುಖ ಸಂಸಾರ. ಇನ್ನೂರ ಹತ್ತು ಇದ್ದರೆ ಸಾರಿಗೆ ಉಪ್ಪು ಜಾಸ್ತಿಯಾಗಿದೆ. ಇನ್ನೂರಕ್ಕಿಂತ ಕೆಳಗೆ ಹೋದರೆ ಬೀದಿಗೆಲ್ಲ ಸುದ್ದಿ. ಒಬ್ಬರೇ ಇರುವ ಮನೆಯಲ್ಲಿ ಯಾವ ಕಾಲಕ್ಕೂ ಇನ್ನೂರ ಮೂವತ್ತು, ಜಗಳವಾಡಲು ಅಲ್ಲಿ ಇನ್ನೊಬ್ಬರು ಇರುವುದಿಲ್ಲವಲ್ಲ. ನಮ್ಮೂರಿನಲ್ಲಿ ಫ್ಯಾನು ಎಲ್ಲಕ್ಕಿಂತ ಜೋರಾಗಿ ತಿರುಗುವುದು ಒಂಟಿಯಾಗಿ ಇರುವವರ ಮನೆಯಲ್ಲಿ.

ಜನ ಇದಕ್ಕೆ ಚೆನ್ನಾಗಿಯೇ ಹೊಂದಿಕೊಂಡಿದ್ದಾರೆ. ಹೊಸದಾಗಿ ಮದುವೆಯಾದವರ ಮನೆಯಲ್ಲಿ ಕರೆಂಟು ಏರಿ ಬಲ್ಬುಗಳು ಸುಡುತ್ತವೆ ಎಂದು ಮದುವೆಗೆ ಬಂದವರು ಬಲ್ಬುಗಳನ್ನೇ ಉಡುಗೊರೆ ಕೊಡುತ್ತಾರೆ. ಆ ಬಲ್ಬುಗಳಲ್ಲಿ ಮುಕ್ಕಾಲು ಪಾಲು ಡಬ್ಬದಲ್ಲೇ ಉಳಿದು ಮಕ್ಕಳ ಮದುವೆಗೆ ಉಡುಗೊರೆಯಾಗಿ ಹೋಗುತ್ತವೆ, ಆ ಮಾತು ಬೇರೆ. ಹೆಣ್ಣು ನೋಡಲು ಬಂದವರು ಮೊದಲು ಪ್ಲಗ್ಗು ನೋಡುತ್ತಾರೆ, ಉಳಿದ ಸಮಯದಲ್ಲಿ ಹೆಣ್ಣನ್ನು ನೋಡುತ್ತಾರೆ. ಬೀಗರು ಬರುವ ದಿನ ಅತ್ತೆ ಸೊಸೆಯರು ಬೆಳಗಿನಿಂದಲೇ ಒಬ್ಬರ ತಲೆ ಒಬ್ಬರು ಬಾಚಿಕೊಂಡು ಕೂರುತ್ತಾರೆ. ಮೀಟರಿನ ತಿರುಗುಗುಂಡಿಯ ಸುತ್ತ ಬೇರೆ ಏನೇನೋ ಗುರುತುಗಳಿವೆ. ಅವು ಯಾಕಿವೆ ಎಂದು ಯಾರೂ ಕೇಳಿದವರಲ್ಲ. ಮಕ್ಕಳು ತಿರುಗಿಸಿ ಹಾಳು ಮಾಡುತ್ತವೆ ಎಂದು ಎಲ್ಲರೂ ಗುಂಡಿಯನ್ನು ವೋಲ್ಟಿನ ಮೇಲಿಟ್ಟು ಅರಗು ಹಾಕಿ ಅಂಟಿಸಿಬಿಟ್ಟಿದ್ದಾರೆ.

ಅಳೆಯುವುದಕ್ಕೂ ಒಂದು ಪದ್ಧತಿಯಿದೆ. ಕಾಫಿಗೆ ಹಾಲು ಒಲೆಯ ಮೇಲಿರುವಾಗಲೇ ಅಳೆಯಬೇಕು. ಮನೆಯವರು ಸುಮ್ಮನೆ ಕೂತಿರುವಾಗ ಯಾರ ಮನೆಯ ಕರೆಂಟಾದರೂ ನೆಟ್ಟಗಿರುತ್ತದೆ, ಕೆಲಸಕ್ಕೆ ಹಚ್ಚಿದಾಗ ಒಳಗಿರುವುದು ಹೊರಗೆ ಬರುತ್ತದೆ ಎಂದು ಹಿರಿಯರ ತರ್ಕ. ತರ್ಕವೇನೋ ಸರಿಯಾಗಿಯೇ ಇತ್ತು. ಯಾರ ಒಳಗೆ ಎನ್ನುವುದನ್ನು ಮಾತ್ರ ಅವರು ವಿಚಾರಿಸಿರಲಿಲ್ಲ. ಊರಿನಲ್ಲಿ ಎಲ್ಲರ ಮನೆಯಲ್ಲೂ ಕರೆಂಟ್ ಒಲೆ. ನನ್ನದೂ ಅದೇ.

ನನ್ನ ಗಂಡನ ಹೆಸರು ತಿಪ್ಪೇಶ. ನಾನು ಹೆಸರು ಹಿಡಿದು ಕರೆಯುವವಳಲ್ಲ, ಇವರು ಎಂದೇ ಹೇಳುತ್ತೇನೆ. ಇವರು ದರ್ಜಿ. ಮನೆಯ ಮುಂದಿನ ಕೋಣೆಯಲ್ಲೇ ಮಷಿನ್ನು, ಮೇಜು, ಕೆಂಡದಷ್ಟು ಕಾಯುವ ಕರೆಂಟ್ ಇಸ್ತ್ರಿಪೆಟ್ಟಿಗೆ. ನಾನು ಗುಂಡಿ ಹಾಕಿ ಕಾಜ ಮಾಡುತ್ತೇನೆ. ಮದುವೆಯಾದಾಗಿನಿಂದ ನಮ್ಮ ಮನೆಯ ಪ್ಲಗ್ಗು ನಾಚಿಕೆಪಡುವಂಥ ಅಂಕಿ ತೋರಿಸಿದ್ದೇ ಇಲ್ಲ. ಕಳೆದ ಮಳೆಗಾಲ ಮುಗಿದ ಮೇಲೆ ಒಂದು ದಿನ ಇವರ ಅಕ್ಕ ಹಾಲಮ್ಮ ಬಂದರು. ನಾನು ಹಾಲು ಕಾಯಲು ಇಟ್ಟು, ಅವರಿಗೆ ಇಷ್ಟವೆಂದು ಚಕ್ಕುಲಿಯ ಡಬ್ಬ ಹುಡುಕುತ್ತಿದ್ದೆ. ನಡುಮನೆಯಿಂದ ಕೂಗು ಕೇಳಿಸಿತು.

"ಏನೋ ತಿಪ್ಪೇಶಿ, ನಾನ್ ಬಂದ್ರೆ ನಿನ್ ಹೆಂಡ್ತಿಗೆ ಇಷ್ಟು ಸಂಕ್ಟನಾ? ನೂರಾ ಎಂಬತ್ತು ತೋರಿಸ್ತಾ ಐತೆ."

ಇವರು ಬಂದು ನೋಡಿದರು. ನಾನೂ ಬಂದು ನೋಡಿದೆ. ನೂರ ಎಂಬತ್ತೇ. ಬಲ್ಬು ಕೂಡ ಮಂಕಾಗಿತ್ತು. ಹಾಲಮ್ಮ ಅತ್ತಿಗೆ ಚಕ್ಕುಲಿ ತಿಂದರು, ಕಾಫಿ ಕುಡಿದರು, ಹೋಗುವಾಗ ಕಣ್ಣೊರೆಸಿಕೊಂಡರು. ಆಮೇಲೆ ಅವರು ಬಂದಾಗಲೆಲ್ಲ ಹೀಗೇ. ನಾನು ಎಷ್ಟು ಪ್ರೀತಿಯಿಂದ ಹೆಚ್ಚು ಹಾಲು ಇಟ್ಟರೆ ಅಷ್ಟು ಹೊತ್ತು ಅಂಕಿ ಕೆಳಗೇ ಇರುತ್ತಿತ್ತು.

"ಅಕ್ಕ ಬಂದಾಗ್ಲೇ ಯಾಕೆ?" ಎಂದು ಇವರು ಒಂದು ದಿನ ಮೆಲ್ಲಗೆ ಕೇಳಿದರು. "ಏನಾದ್ರೂ ಬೇಜಾರಿದ್ರೆ ನನ್ ಹತ್ರ ಹೇಳು."

ಬೇಜಾರೇ ಇಲ್ಲ ಎಂದು ಎದೆ ತಟ್ಟಿ ಹೇಳುವ ಹಾಗೂ ಇರಲಿಲ್ಲ. ಹಾಲಮ್ಮ ಅತ್ತಿಗೆ ನಮ್ಮ ಅಡುಗೆಮನೆಯ ಶೆಲ್ಫಿನ ಮೇಲೆ ಬೆರಳು ಎಳೆದು, ಆ ಬೆರಳನ್ನು ಬೆಳಕಿಗೆ ಹಿಡಿದು ನೋಡುವವರು. ಅಂಥವರ ಮೇಲೆ ಐದೋ ಹತ್ತೋ ವೋಲ್ಟಿನಷ್ಟು ಅಸಮಾಧಾನ ಯಾರಿಗಿರುವುದಿಲ್ಲ? ಆದರೆ ಐವತ್ತು ವೋಲ್ಟು ಇಳಿಯುವಷ್ಟು ವಿಷ ನನ್ನೊಳಗೆ ಇದೆಯೆಂದು ನನಗೇ ಗೊತ್ತಿರಲಿಲ್ಲ. ಮೀಟರು ಹೇಳಿದ ಮೇಲೆ ಇರಬೇಕು ಎಂದುಕೊಂಡೆ. ಹಾಲು ಕಾಯಿಸುವಾಗ ಅತ್ತಿಗೆಯ ಒಳ್ಳೆಯ ಗುಣಗಳನ್ನು ನೆನೆಯುತ್ತಾ ನಿಲ್ಲುತ್ತಿದ್ದೆ. ಗುಣಗಳು ಮುಗಿಯುತ್ತಿದ್ದವು, ಹಾಲು ಇನ್ನೂ ಉಕ್ಕಿರುತ್ತಿರಲಿಲ್ಲ.

ಅಷ್ಟರಲ್ಲಿ ನನ್ನವ್ವ ಬಂದಳು. ಅವಳು ಬಂದಾಗ ಕಾಫಿಗೆ ಮೊದಲೇ ಅಂಕಿ ಇಳಿಯಿತು. ಇವರು ಅತ್ತೆ ಬಂದಿದ್ದಾರೆಂದು ಬೇರೆಯವರ ಕೆಲಸ ಪಕ್ಕಕ್ಕಿಟ್ಟು, ಅವ್ವನ ಕುಪ್ಪಸ ಹೊಲಿದು, ಇಸ್ತ್ರಿ ಹಾಕುತ್ತಿದ್ದರು. ಅವ್ವ ನನ್ನನ್ನು ಹಿತ್ತಲಿಗೆ ಕರೆದುಕೊಂಡು ಹೋದಳು.

"ನಿನ್ ಗಂಡಂಗೆ ನಾನಂದ್ರೆ ಆಗಲ್ಲ ಕಣೇ. ಇಸ್ತ್ರಿ ತಿಕ್ತಾ ಹೆಂಗೆ ಹಲ್ಲು ಕಚ್ಚಿಕೊಂಡು ನಿಂತವ್ನೆ ನೋಡು. ಮೀಟರೂ ಅದನ್ನೇ ಹೇಳ್ತೈತೆ."

ಇವರು ಹಲ್ಲಿನಲ್ಲಿ ಕಚ್ಚಿಕೊಂಡಿದ್ದದ್ದು ಗುಂಡುಪಿನ್ನು. ಅದು ನನಗೆ ಗೊತ್ತಿತ್ತು. ಆದರೂ ಆ ದಿನದಿಂದ ಗುಂಡುಪಿನ್ನಿನ ಹಿಂದೆ ಏನಿದೆಯೋ ಎಂದು ನೋಡತೊಡಗಿದೆ. ಇವರು ನನ್ನ ಹಾಲಿನ ಪಾತ್ರೆಯನ್ನು ನೋಡತೊಡಗಿದರು.

ಆಮೇಲೆ ನಮ್ಮ ಮನೆಯಲ್ಲಿ ಶುರುವಾದದ್ದು ಜಗಳವಲ್ಲ, ಮರ್ಯಾದೆ. ಅಂಕಿ ಇನ್ನಷ್ಟು ಇಳಿಯಬಾರದೆಂದು ಇಬ್ಬರೂ ಬಾಯಿಗೆ ಬಂದದ್ದನ್ನು ನುಂಗಿಕೊಂಡೆವು. ಅನ್ನ ಹಸಿಯಾಗಿದ್ದರೆ ಇವರು "ಹದವಾಗಿದೆ" ಎನ್ನುತ್ತಿದ್ದರು. ಗಿರಾಕಿಗಳ ಬಟ್ಟೆ ತಡವಾಗಿ ನಾನು ಬೈಸಿಕೊಂಡರೆ "ಪರವಾಗಿಲ್ಲ ಬಿಡಿ" ಎನ್ನುತ್ತಿದ್ದೆ. ಕೊನೆಗೆ ಇವರು ನನ್ನನ್ನು "ಊಟ ಆಯ್ತಾ ನಿಮ್ದು?" ಎಂದು ಬಹುವಚನದಲ್ಲಿ ಕೇಳಿದ ದಿನ ನನಗೆ ನಿಜವಾಗಿ ಭಯವಾಯಿತು. ನಮ್ಮಪ್ಪ ಸಾಲಗಾರರನ್ನು ಮಾತಾಡಿಸುತ್ತಿದ್ದ ಧ್ವನಿ ಅದು.

ಊರಿನಲ್ಲಿ ಬೆಳಕಿನ ಸಮಿತಿ ಎಂದು ಒಂದಿದೆ. ಅಧ್ಯಕ್ಷರು ಕೊಟ್ರೇಶಪ್ಪನವರು. ಮೊದಲು ಸೊಸೈಟಿಯಲ್ಲಿ ಸಕ್ಕರೆ ತೂಗುತ್ತಿದ್ದರು, ಈಗ ಸಂಸಾರ ತೂಗುತ್ತಾರೆ. ಅವರ ಮೀಟರಿಗೆ ಮಖಮಲ್ಲಿನ ಚೀಲ. ಅವರ ಸ್ವಂತ ಮನೆಯಲ್ಲಿ ಎಷ್ಟು ವೋಲ್ಟಿದೆ ಎಂದು ಊರಿನಲ್ಲಿ ಯಾರಿಗೂ ತಿಳಿಯದು, ಯಾಕೆಂದರೆ ಅಳೆಯುವವರು ಅವರೇ. ಒಂದು ಮನೆಯ ಕರೆಂಟು ಬಹಳ ದಿನ ಇನ್ನೂರರ ಕೆಳಗಿದ್ದರೆ ಇಡೀ ಬೀದಿಗೆ ಕೇಡು ಎಂದು ಸಮಿತಿಯ ನಂಬಿಕೆ. ಅಂಥ ಗಂಡಹೆಂಡಿರನ್ನು ಕೂರಿಸಿ, ಹಿತವಚನ ಹೇಳಿ, ಅದೂ ಆಗದಿದ್ದರೆ "ಲೈನ್ ಬೇರೆ" ಮಾಡುತ್ತಾರೆ. ಅಂದರೆ ಒಬ್ಬರು ಒಂದು ಸೂರು, ಇನ್ನೊಬ್ಬರು ಇನ್ನೊಂದು ಸೂರು. ಎರಡೂ ಕಡೆ ಬಲ್ಬು ಝಗಝಗ ಉರಿಯುತ್ತದೆ, ಸಮಿತಿ ಅದನ್ನು ತನ್ನ ಸಾಧನೆ ಎಂದು ಲೆಕ್ಕ ಹಿಡಿಯುತ್ತದೆ.

ಕೊಟ್ರೇಶಪ್ಪನವರು ಇಬ್ಬರು ಸದಸ್ಯರ ಜೊತೆ ಬಂದರು. ಕಾಫಿ ಇಟ್ಟೆ. ನೂರ ಎಪ್ಪತ್ತೆಂಟು.

"ನೋಡಮ್ಮ ನಾಗವೇಣಿ," ಎಂದರು ಅವರು, ಕಾಫಿಯ ಲೋಟವನ್ನು ಎರಡು ಕೈಯಲ್ಲೂ ಹಿಡಿದು. "ನಾವ್ ಬಂದಿದ್ದಕ್ಕೇ ಇಷ್ಟು ಇಳೀತು ಅಂದ್ರೆ, ನಾವ್ ಇಲ್ದಾಗ ಹೆಂಗಿರುತ್ತೋ. ಬರೋ ಭಾನುವಾರ ಕೊನೇ ಸಲ ನೋಡ್ತೀವಿ. ಇನ್ನೂರು ದಾಟಿದ್ರೆ ಸೈ. ಇಲ್ಲಾಂದ್ರೆ ತಿಪ್ಪೇಶಿ ಅವರಕ್ಕನ ಮನೆಗೆ. ನಿಮ್ಮ ಒಳ್ಳೇದಕ್ಕೇ ಹೇಳೋದು."

"ಅಲ್ಲೀತನಕ ಲೈನಿಗೆ ಸ್ವಲ್ಪ ವಿಶ್ರಾಂತಿ ಕೊಡಿ," ಎಂದು ಒಬ್ಬ ಸದಸ್ಯರು ಸೇರಿಸಿದರು. "ತಿಪ್ಪೇಶಿ ಈಗ್ಲೇ ಹೋಗಿ ಭಾನುವಾರ ಬರ್ಲಿ."

ಇವರು ಒಂದು ಮಾತೂ ಆಡಲಿಲ್ಲ. ಬ್ಯಾಗು ತೆಗೆದು ಎರಡು ಅಂಗಿ, ಒಂದು ಪಂಚೆ, ಅಳತೆ ಟೇಪು ತುಂಬಿಕೊಂಡರು. ಅಂಗಿಗಳನ್ನು ನೀಟಾಗಿ ಮಡಿಸಿದರು. ನನಗೆ ಹೊಟ್ಟೆ ಉರಿದದ್ದು ಆ ಮಡಿಕೆ ನೋಡಿ. ಹೋಗಬೇಕಾಗಿ ಬಂದವನು ಅಂಗಿಯನ್ನು ಅಷ್ಟು ನೀಟಾಗಿ ಮಡಿಸುತ್ತಾನೆಯೇ? "ಬರ್ತೀನಿ, ಹುಷಾರಾಗಿರಿ" ಎಂದರು. ಮತ್ತೆ ಬಹುವಚನ. ನಾನು ಬಾಗಿಲ ಹತ್ತಿರ ನಿಂತು ತಲೆ ಆಡಿಸಿದೆ. ಬೇಡ, ಇರಿ ಎಂದು ಕೈ ಹಿಡಿಯಬೇಕು ಅನ್ನಿಸಿತು. ಬೀದಿಯವರೆಲ್ಲ ಕಿಟಕಿಯಲ್ಲಿ ಇದ್ದರು.

ಮರುದಿನ ಬೆಳಿಗ್ಗೆ ಎದ್ದು ಒಬ್ಬಳಿಗೇ ಕಾಫಿ ಇಟ್ಟೆ. ಹೊರಗೆ ಮೋಡ, ಹಾಗಾಗಿ ಬಲ್ಬು ಹಾಕಿದ್ದೆ. ಒಲೆ ಹಾಕಿದ ಕೂಡಲೇ ಬಲ್ಬು ಮಂಕಾಯಿತು. ಅಭ್ಯಾಸಬಲದಿಂದ ಅತ್ತಿಗೆಯ ಒಳ್ಳೆಯ ಗುಣಗಳನ್ನು ನೆನೆಯಲು ಶುರು ಮಾಡಿದವಳು ಅರ್ಧಕ್ಕೇ ನಿಲ್ಲಿಸಿದೆ. ಮನೆಯಲ್ಲಿ ನಾನೊಬ್ಬಳೇ. ಒಬ್ಬರೇ ಇರುವ ಮನೆಯಲ್ಲಿ ಕರೆಂಟು ಇಳಿದದ್ದನ್ನು ಊರಿನಲ್ಲಿ ಯಾರೂ ನೋಡಿಲ್ಲ, ಕೇಳಿಲ್ಲ. ನಾನು ಯಾರ ಮೇಲೆ ಮುನಿಸಿಕೊಂಡಿದ್ದೇನೆ, ಹಾಲಿನ ಮೇಲೆಯೇ?

ಮೀಟರು ತಂದು ಬಂದವರ ಪ್ಲಗ್ಗಿಗೆ ಇಟ್ಟೆ. ನೂರ ಎಂಬತ್ತು. ಒಲೆ ಆರಿಸಿದೆ. ಇನ್ನೂರ ಮೂವತ್ತು. ಹಾಕಿದೆ, ನೂರ ಎಂಬತ್ತು. ಆರಿಸಿದೆ, ಇನ್ನೂರ ಮೂವತ್ತು. ನಾನು ಸಿಡುಕಿ ಎನ್ನುವುದು ನಿಜ, ಆದರೆ ನನ್ನ ಮನಸ್ಸು ಸ್ವಿಚ್ಚಿನ ಜೊತೆ ಟಪಟಪ ಬದಲಾಗುವಂಥದ್ದಲ್ಲ. ಒಲೆ ಆರಿಸಿಟ್ಟು, ಹಾಲಮ್ಮ ಅತ್ತಿಗೆಯನ್ನು ಬಾಯ್ತುಂಬ ಬೈದೆ. ಶೆಲ್ಫು, ಬೆರಳು, ಚಕ್ಕುಲಿ, ಯಾವುದನ್ನೂ ಬಿಡಲಿಲ್ಲ. ಅಂಕಿ ಅಲ್ಲಾಡಲಿಲ್ಲ. ಆಮೇಲೆ ಇಸ್ತ್ರಿಪೆಟ್ಟಿಗೆ ಹಚ್ಚಿದೆ. ನೂರ ಎಂಬತ್ತಾರು. ಹಾಲು ಕಾಯಿಸಿದ್ದಕ್ಕೆ ಅತ್ತಿಗೆ ಅತ್ತರು, ಕುಪ್ಪಸ ಇಸ್ತ್ರಿ ಮಾಡಿದ್ದಕ್ಕೆ ಅವ್ವ ಮುನಿಸಿಕೊಂಡಳು. ನಾನೂ ಇವರೂ ಒಬ್ಬರ ಕಡೆಯವರಿಗೆ ಒಬ್ಬರು ಉಪಚಾರ ಮಾಡುವಾಗಲೇ ಮನೆ ಮಂಕಾಗಿದೆ. ಇದು ತಿಳಿದಾಗ ನನಗೆ ನಗು ಬರಲಿಲ್ಲ, ಅಳು ಬಂತು.

ಅತ್ತು ಮುಗಿಸಿ, ಕಳೆದುಹೋದ ಕಿವಿಯೋಲೆ ಹುಡುಕುವ ಹಾಗೆ ಬಂದ ದಾರಿಯಲ್ಲೇ ಹಿಂದಕ್ಕೆ ಹೊರಟೆ. ಇಸ್ತ್ರಿಪೆಟ್ಟಿಗೆ ಆರಿಸಿ, ಒಲೆ ಮತ್ತೆ ಹಚ್ಚಿಟ್ಟು, ಅಡುಗೆಮನೆಯ ಪ್ಲಗ್ಗು ನೋಡಿದೆ. ಕಮ್ಮಿ. ನಡುಮನೆ, ಕಮ್ಮಿ. ಮುಂದಿನ ಕೋಣೆ, ಅಲ್ಲೂ ಕಮ್ಮಿ. ಎಲ್ಲ ಕಡೆಯೂ ಕಮ್ಮಿಯೆಂದರೆ ಎಲ್ಲಕ್ಕೂ ಮೊದಲೇ ಏನೋ ಆಗಿರಬೇಕು. ಉಳಿದದ್ದು ಜಗುಲಿಯ ಮೇನ್ ಬೋರ್ಡು.

ಬೋರ್ಡಿನ ಮುಚ್ಚಳವನ್ನು ನಮ್ಮಲ್ಲಿ ಯಾರೂ ತೆಗೆಯುವುದಿಲ್ಲ. ಅದಕ್ಕೆ ಅರಿಶಿನ ಕುಂಕುಮ ಹಚ್ಚಿ, ಹೂ ಮುಡಿಸಿ, ಹಬ್ಬ ಬಂದಾಗ ಬಣ್ಣ ಬಳಿಯುತ್ತೇವೆ. ಮುಚ್ಚಳ ತೆಗೆದರೆ ಮನೆತನದ ಗುಟ್ಟು ಬೀದಿಗೆ ಬರುತ್ತದಂತೆ. ಬಂದವರೆಲ್ಲ ಕಡ್ಡಿ ಇಟ್ಟು ನೋಡುವ ಮನೆಗಳಲ್ಲಿ ಇನ್ನು ಯಾವ ಗುಟ್ಟು ಉಳಿದಿದೆಯೋ. ನಮ್ಮ ಮುಚ್ಚಳ ಬಣ್ಣಕ್ಕೆ ಅಂಟಿಕೊಂಡು ಕೂತಿತ್ತು. ಕೈಗೆ ಸಿಕ್ಕಿದ ಇವರ ದೊಡ್ಡ ಕತ್ತರಿಯನ್ನು ಸಂದಿಗೆ ತೂರಿಸಿ ಮೀಟಿದೆ. ಮುಚ್ಚಳ ಬಂತು. ಕತ್ತರಿಯ ತುದಿಯೂ ಸ್ವಲ್ಪ ಬಂತು.

ರಬ್ಬರ್ ಚಪ್ಪಲಿ ಹಾಕಿಕೊಂಡು, ಮಣೆಯ ಮೇಲೆ ನಿಂತು ನೋಡಿದೆ. ಒಳಗೆ ಸುಟ್ಟ ವಾಸನೆ, ಗೋಡೆಯಿಂದ ನೀರು ಇಳಿದ ಕಲೆ. ಒಂದು ಕೆಂಪು ವೈರು ಕರೆಂಟನ್ನು ಒಳಗೆ ತರುತ್ತದೆ, ಒಂದು ಕಪ್ಪು ವೈರು ಅದನ್ನು ವಾಪಸ್ಸು ಕಳಿಸುತ್ತದೆ. ಬೀದಿಯ ಕಡೆಯ ಕಪ್ಪು ವೈರೂ ಮನೆಯ ಕಡೆಯ ಕಪ್ಪು ವೈರೂ ಒಂದು ಹಿತ್ತಾಳೆಯ ಸ್ಕ್ರೂ ಕೆಳಗೆ ಸೇರುತ್ತವೆ. ಕೆಂಪು ಕಡ್ಡಿಯನ್ನು ಕೆಂಪು ವೈರಿನ ತುದಿಗೇ ಒತ್ತಿ ಹಿಡಿದು, ಕಪ್ಪು ಕಡ್ಡಿಯನ್ನು ಮೊದಲು ಬೀದಿಯ ಕಡೆಯ ವೈರಿಗೆ ಮುಟ್ಟಿಸಿದೆ. ಇನ್ನೂರ ಮೂವತ್ತು. ಮನೆಯ ಕಡೆಯ ವೈರಿಗೆ ಮುಟ್ಟಿಸಿದೆ. ನೂರ ಎಂಬತ್ತು. ಆಮೇಲೆ ಒಂದು ಕಡ್ಡಿ ಈ ಕಪ್ಪು ವೈರಿಗೆ, ಇನ್ನೊಂದು ಕಡ್ಡಿ ಆ ಕಪ್ಪು ವೈರಿಗೆ ಇಟ್ಟೆ. ಒಂದೇ ಸ್ಕ್ರೂವಿನ ಎರಡು ಪಕ್ಕ, ಅಲ್ಲಿ ಸೊನ್ನೆ ಇರಬೇಕು. ಐವತ್ತು ತೋರಿಸಿತು. ನಾವು ಇಬ್ಬರೂ ಇಷ್ಟು ತಿಂಗಳು ಒಬ್ಬರೊಳಗೆ ಒಬ್ಬರು ಹುಡುಕುತ್ತಿದ್ದ ಐವತ್ತು ವೋಲ್ಟು ಅಲ್ಲಿ ಕೂತಿತ್ತು.

ಮೇನ್ ಆರಿಸಿದೆ. ಮೀಟರು ಸೊನ್ನೆ ತೋರಿಸುವುದನ್ನು ನೋಡಿಯೇ ಕೈ ಹಾಕಿದೆ. ಸ್ಕ್ರೂ ಬಿಸಿಯಾಗಿ, ಕಪ್ಪಾಗಿ, ಬೆರಳಿಗೇ ತಿರುಗುವಷ್ಟು ಸಡಿಲವಾಗಿತ್ತು. ತಣ್ಣಗಾಗುವವರೆಗೆ ಕಾದು, ವೈರಿನ ತುದಿಗಳ ಕರಿ ಕೆರೆದು, ಹೊಸದಾಗಿ ಸುತ್ತಿ, ಬಿಗಿಯಾಗಿ ತಿರುಗಿಸಿದೆ. ಮೀಟರಿನ ಅರಗನ್ನೂ ಕಿತ್ತು, ಗುಂಡಿಯನ್ನು ಸದ್ದಿನ ಗುರುತಿಗೆ ಇಟ್ಟು, ಎರಡು ಕಡ್ಡಿಗಳನ್ನು ಎರಡು ವೈರಿಗೆ ಮುಟ್ಟಿಸಿದೆ. ಕೀ ಎಂದು ಕೂಗಿತು. ಸೇರಿಕೊಂಡಿದೆ ಎಂದು ಅರ್ಥ. ನಮ್ಮೂರಿನಲ್ಲಿ ಆ ಸದ್ದನ್ನು ಮೊದಲು ಕೇಳಿದವಳು ನಾನೇ ಇರಬೇಕು. ಗುಂಡಿಯನ್ನು ವೋಲ್ಟಿಗೆ ತಿರುಗಿಸಿ, ಮೇನ್ ಹಾಕಿ, ಒಲೆ, ಇಸ್ತ್ರಿಪೆಟ್ಟಿಗೆ ಎರಡನ್ನೂ ಒಟ್ಟಿಗೆ ಹಚ್ಚಿದೆ. ಇನ್ನೂರ ಇಪ್ಪತ್ತೆಂಟು.

ಭಾನುವಾರ ಸಂಜೆ ಸಮಿತಿ ಬಂತು. ಹಾಲಮ್ಮ ಅತ್ತಿಗೆ ಬಂದರು. ಇವರು ಬ್ಯಾಗು ಹಿಡಿದುಕೊಂಡೇ ಬಂದು, ಅದನ್ನು ಕೆಳಗಿಡದೆ ಬಾಗಿಲ ಬಳಿ ನಿಂತರು. ನಾನು ದೊಡ್ಡ ಪಾತ್ರೆಯಲ್ಲಿ ಹಾಲಿಟ್ಟೆ, ಇಸ್ತ್ರಿಪೆಟ್ಟಿಗೆಯನ್ನೂ ಕಾಯಲು ಹಾಕಿದೆ. ಕೊಟ್ರೇಶಪ್ಪನವರು ಮಖಮಲ್ಲಿನ ಚೀಲ ಬಿಚ್ಚಿ ಕಡ್ಡಿ ಇಟ್ಟರು. ಮೀಟರನ್ನು ಅಂಗೈಗೆ ಕುಟ್ಟಿದರು. ಬ್ಯಾಟರಿ ತೆಗೆದು ಪಂಚೆಗೆ ಒರೆಸಿ ಹಾಕಿದರು. ಅತ್ತಿಗೆಯ ಮೀಟರು ಇಸಿದುಕೊಂಡು ನೋಡಿದರು. ಅದೂ ಇನ್ನೂರ ಇಪ್ಪತ್ತೆಂಟೇ.

"ಸ್ಕ್ರೂ ಲೂಸಾಗಿತ್ತು," ಎಂದೆ. "ಬಿಗಿ ಮಾಡ್ದೆ. ಬೇಕಾದ್ರೆ ಮತ್ತೆ ಸಡಿಲ ಮಾಡಿ ತೋರಿಸ್ತೀನಿ, ಬನ್ನಿ ಬೋರ್ಡಿನ ಹತ್ರ."

ಬೋರ್ಡಿನ ಮಾತು ಕೇಳಿ ಸಮಿತಿಯ ಮೂವರೂ ಕಿಟಕಿಯ ಕಡೆ ನೋಡಿದರು.

"ಸ್ಕ್ರೂ ಎಲ್ಲಾರ ಮನೇಲೂ ಇರ್ತವಮ್ಮ," ಎಂದರು ಕೊಟ್ರೇಶಪ್ಪನವರು ಸಮಾಧಾನವಾಗಿ. "ನಾವ್ ಅವತ್ತು ಹೇಳಿದ ನಾಕು ಮಾತು ನಿನ್ ಮನಸ್ಸಿಗೆ ನಾಟ್ತು. ಮನಸ್ಸು ಬಿಗಿ ಆಯ್ತು, ವೋಲ್ಟು ಬಂತು. ಸಮಿತಿ ಅಂತ ಒಂದಿರೋದು ಯಾಕೆ ಮತ್ತೆ?"

"ನನಗೆ ಗೊತ್ತಿತ್ತು, ನಮ್ ನಾಗವೇಣಿ ಒಳ್ಳೇವ್ಳು," ಎಂದು ಹಾಲಮ್ಮ ಅತ್ತಿಗೆ ಕಣ್ಣೊರೆಸಿಕೊಂಡರು. ಎಲ್ಲರೂ ಎರಡೆರಡು ಸಲ ಕಾಫಿ ಕುಡಿದು, ನಮ್ಮ ಸಂಸಾರ ಉಳಿಸಿದ ತೃಪ್ತಿಯಲ್ಲಿ ಎದ್ದು ಹೋದರು. ಅತ್ತಿಗೆ ಹೋಗುವಾಗ ಮುಚ್ಚಳವಿಲ್ಲದ ಬೋರ್ಡನ್ನು ನೋಡಿ ಸೆರಗಿನಿಂದ ಮುಖ ಮುಚ್ಚಿಕೊಂಡರು.

ನಾವಿಬ್ಬರೇ ಉಳಿದೆವು. ನಾನು ಒಲೆಯನ್ನೂ ಇಸ್ತ್ರಿಪೆಟ್ಟಿಗೆಯನ್ನೂ ಆರಿಸಿ ಬಂದೆ. ಬಲ್ಬು ಒಂದೇ ಉರಿಯುತ್ತಿತ್ತು. ಇವರು ಬ್ಯಾಗು ಕೆಳಗಿಟ್ಟು ಮೇಜಿನ ಹತ್ತಿರ ಹೋದರು. ನಾಳೆಯ ಬಟ್ಟೆ ನೋಡಿಕೊಳ್ಳುವವರ ಹಾಗೆ ಕತ್ತರಿ ಎತ್ತಿದರು. ತುದಿಯನ್ನು ಹೆಬ್ಬೆರಳಿನಿಂದ ಸವರಿದರು.

"ನನ್ ಕತ್ತರೀಲಿ ಬೋರ್ಡ್ ತೆಗೆದ್ರಾ ನೀವು?"

"ಮತ್ತೆ ಯಾತ್ರಲ್ಲಿ ತೆಗೀಬೇಕಿತ್ತು? ನೀವೇನು ಸ್ಕ್ರೂಡ್ರೈವರ್ ಕೈಗೆ ಕೊಟ್ಟು ಹೋಗಿದ್ರಾ?" ಎಂದೆ. ಅಷ್ಟಕ್ಕೆ ನಿಲ್ಲಿಸಬೇಕೆಂದೇ ಇದ್ದೆ. ಬಾಯಿ ನಿಲ್ಲಲಿಲ್ಲ. "ಕತ್ತರಿ ಮುಕ್ಕಾಗಿದ್ದು ಕಾಣ್ತು. ಅವ್ರು ಹೋಗು ಅಂದ ಕೂಡ್ಲೇ ಅಂಗಿ ಮಡಿಸಿಕೊಂಡ್ರಲ್ಲ, ಒಂದು ಮಾತು ಆಡ್ದೆ. ಇವಳು ಅಂಥವಳಲ್ಲ ಅಂತ ಒಂದೇ ಒಂದು ಮಾತು."

"ನೀವೂ ಇರಿ ಅನ್ಲಿಲ್ವಲ್ಲ," ಎಂದರು. "ಬಾಗಿಲ ಹತ್ರ ನಿಂತು ತಲೆ ಆಡಿಸಿದ್ರಿ. ಎಮ್ಮೆ ಮಾರಿ ಕಳಿಸೋವಾಗ್ಲೂ ಅದಕ್ಕಿಂತ ಜಾಸ್ತಿ ಮಾತಾಡ್ತಾರೆ."

ಬಲ್ಬು ಮಂಕಾಯಿತು. ಇಬ್ಬರೂ ತಲೆಯೆತ್ತಿ ನೋಡಿದೆವು. ಮೀಟರು ಪಕ್ಕದಲ್ಲೇ ಇತ್ತು, ಪ್ಲಗ್ಗಿಗೆ ಇಟ್ಟೆ. ನೂರ ಎಪ್ಪತ್ತು. ಆಮೇಲೆ ನೂರ ಅರವತ್ತು.

"ಸ್ಕ್ರೂ ನೋಡಿ," ಎಂದರು ಇವರು ಮೆಲ್ಲಗೆ.

ಜಗುಲಿಗೆ ಹೋಗಿ, ಒಂದು ಕಡ್ಡಿ ಈ ಪಕ್ಕ, ಇನ್ನೊಂದು ಆ ಪಕ್ಕ ಇಟ್ಟೆ. ಸೊನ್ನೆ. ಸ್ಕ್ರೂ ನಾನು ಬಿಗಿ ಮಾಡಿದ ಹಾಗೆಯೇ ಇತ್ತು. ಎದುರು ಮನೆಯ ಕಿಟಕಿ ತೆರೆಯಿತು. ಪಕ್ಕದ ಮನೆಯವರು ಮೀಟರು ಹಿಡಿದು ಮೆಟ್ಟಿಲಿಳಿಯುತ್ತಿದ್ದರು. ಬೀದಿಯ ತುದಿಯಲ್ಲಿ ಕೊಟ್ರೇಶಪ್ಪನವರು ತಿರುಗಿ ನಿಂತದ್ದೂ ಕಂಡಿತು. ಇಷ್ಟೆಲ್ಲ ಮಾಡಿ ಉಳಿಸಿಕೊಂಡವರನ್ನು ಒಂದು ಕತ್ತರಿಗಾಗಿ ಈಗ ನಿಜವಾಗಿ ಕಳೆದುಕೊಳ್ಳುತ್ತೇನೆ ಎನ್ನಿಸಿತು.

"ಬಿಗಿಯಾಗೇ ಇದೆ," ಎಂದೆ ಬಾಗಿಲಲ್ಲಿ ನಿಂತು.

ಇವರು ಜಗುಲಿಗೆ ಬಂದರು. ನನ್ನನ್ನು ಮೆಲ್ಲಗೆ ಪಕ್ಕಕ್ಕೆ ಸರಿಸಿ, ಬೋರ್ಡಿನೊಳಗೆ ಕೈ ಹಾಕಿ, ಮೇನ್ ಸ್ವಿಚ್ಚು ಆರಿಸಿದರು. ಮನೆಯಲ್ಲಿ ಕತ್ತಲೆಯಾಯಿತು. ಪ್ಲಗ್ಗಿನಲ್ಲಿ ಇನ್ನು ಯಾರು ಕಡ್ಡಿ ಇಟ್ಟರೂ ಸೊನ್ನೆಯೇ. ಬಾಗಿಲ ಅಗುಳಿ ಹಾಕಿ, ತಡವುತ್ತಾ ಬಂದು ಚಾಪೆಯ ಮೇಲೆ ಕೂತರು. ನಾನೂ ಎದುರಿಗೆ ಕೂತೆ. ಹೊರಗೆ ಯಾರೋ ಬಾಗಿಲು ತಟ್ಟಿದರು. ನಾವಿಬ್ಬರೂ ಏಳಲಿಲ್ಲ.

"ಈಗ ಹೇಳೇ," ಎಂದರು. "ಏನೇನಿದೆಯೋ ಎಲ್ಲಾ ಹೇಳು."

"ಎಲ್ಲಿಂದ ಶುರು ಮಾಡ್ಲಿ?"

"ಅಂಗಿ ಮಡಿಸಿದ್ನಲ್ಲ," ಎಂದರು, "ಅಲ್ಲಿಂದ."